ಅರಿವಳಿಕೆ ಮತ್ತು ಧಾರಣಶಕ್ತಿ

ಅರಿವಳಿಕೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ನಿದ್ರೆ. ಮದ್ದು ಕೊಡುತ್ತಾರೆ, ರೋಗಿಯ ರೆಪ್ಪೆ ಮುಚ್ಚುತ್ತದೆ, ಶಸ್ತ್ರವೈದ್ಯರು ತಮ್ಮ ಕೆಲಸ ಮುಗಿಸುತ್ತಾರೆ, ರೋಗಿ ಎಚ್ಚೆತ್ತು ನೀರು ಕೇಳುತ್ತಾನೆ. ಬಹುಮಟ್ಟಿಗೆ ನಡೆಯುವುದೂ ಹಾಗೆಯೇ. ಆದರೆ ಒಂದು ಜಾತಿಯ ಅರಿವಳಿಕೆ ಈ ಚಿತ್ರಕ್ಕೆ ಒಗ್ಗುವುದಿಲ್ಲ. ಅದನ್ನು ಕೊಟ್ಟಾಗ ರೋಗಿಯ ಕಣ್ಣು ತೆರೆದೇ ಇರಬಹುದು. ಗುಡ್ಡೆಗಳು ಮೆಲ್ಲನೆ ಅತ್ತಿತ್ತ ಹೊರಳುತ್ತಿರುತ್ತವೆ. ಉಸಿರು ತನ್ನಷ್ಟಕ್ಕೆ ತಾನು ಆಡುತ್ತಿರುತ್ತದೆ. ಕೈಕಾಲು ಒಮ್ಮೊಮ್ಮೆ ಅಲುಗುವುದೂ ಉಂಟು. ಆದರೂ ಮುರಿದ ಮೂಳೆಯನ್ನು ಎಳೆದು ಕೂಡಿಸಿದರೆ ಆತನಿಗೆ ನೋವು ತಿಳಿಯುವುದಿಲ್ಲ. ಬಾಗಿಲ ಸಂದಿಯಿಂದ ಇಣಿಕಿದ ಬಂಧುಗಳು, "ಎಚ್ಚರವಾಗಿಯೇ ಇದ್ದಾನಲ್ಲ, ಹಾಗೇ ಎಳೆಯುತ್ತಿದ್ದಾರಲ್ಲ!" ಎಂದು ಗಾಬರಿಪಡುತ್ತಾರೆ. ಆಮೇಲೆ ರೋಗಿ ಅಸಂಬದ್ಧವಾಗಿ ಏನಾದರೂ ನುಡಿದರಂತೂ ಮುಗಿಯಿತು. ಗಾಳಿ ಸೋಕಿದೆಯೆಂದು ನಿಂಬೆಹಣ್ಣು ನಿವಾಳಿಸಲು ಹೊರಡುವವರೂ ಇದ್ದಾರೆ.

ಗಾಳಿಯೂ ಅಲ್ಲ, ಗ್ರಹವೂ ಅಲ್ಲ. ಆ ಮದ್ದಿನ ಹೆಸರು ಕೆಟಮಿನ್. ನಾನಿರುವ ಬಾಶೆಟ್ಟಿಹಳ್ಳಿ ದೊಡ್ಡಬಳ್ಳಾಪುರದ ಮಗ್ಗುಲಲ್ಲಿದೆ. ರಾಗಿಯ ಹೊಲಗಳಿದ್ದ ಈ ಬಯಲಿನಲ್ಲಿ ಈಗ ಕಾರ್ಖಾನೆಗಳ ಸಾಲು. ಯಂತ್ರಕ್ಕೆ ಕೈ ಸಿಕ್ಕಿತು, ಬಿಸಿನೀರು ಚೆಲ್ಲಿತು, ಹೆದ್ದಾರಿಯಲ್ಲಿ ಲಾರಿ ತಗುಲಿತು ಎಂಬ ಸುದ್ದಿ ಇಲ್ಲಿ ಅಪರೂಪವಲ್ಲ. ಇಂಥ ಗಾಯಗಳಿಗೆ ಸಣ್ಣ ಆಸ್ಪತ್ರೆಗಳಲ್ಲಿಯೂ ಕೊಡಬಹುದಾದ ಅರಿವಳಿಕೆ ಇದು. ಉಸಿರನ್ನು ಸಾಮಾನ್ಯವಾಗಿ ಅಡಗಿಸುವುದಿಲ್ಲ, ರಕ್ತದ ಒತ್ತಡವನ್ನು ಇಳಿಸುವುದಕ್ಕೆ ಬದಲಾಗಿ ಸ್ವಲ್ಪ ಏರಿಸುತ್ತದೆ. ರಕ್ತ ಸೋರಿ ಬಂದವನಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕೆ? 1985ರಿಂದಲೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಿಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ನೆಲಮಂಗಲ, ಮಾಗಡಿಯ ಕಡೆ ಊರೊಳಗೆ ನುಗ್ಗಿದ ಚಿರತೆಗೆ ಪಶುವೈದ್ಯರು ಹೊಡೆಯುವ ಸೂಜಿಯಲ್ಲಿ ಸಾಮಾನ್ಯವಾಗಿ ಇರುವುದೂ ಇದೇ ಕೆಟಮಿನ್, ಕ್ಸೈಲಜೀನ್ ಎಂಬ ಮತ್ತೊಂದು ಮದ್ದಿನ ಜೊತೆ ಬೆರೆತು. ಮಲಗಿದ ಚಿರತೆಯ ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟುವುದನ್ನು ನೀವು ಚಿತ್ರಗಳಲ್ಲಿ ಕಂಡಿರಬಹುದು. ಕಣ್ಣು ಮುಚ್ಚದೆ ಒಣಗುತ್ತದೆ, ಅದಕ್ಕಾಗಿ.

ಕಣ್ಣು ತೆರೆದಿದೆ, ಆದರೆ ಕಂಡದ್ದು ಮನಸ್ಸಿಗೆ ಮುಟ್ಟುತ್ತಿಲ್ಲ, ಮುಟ್ಟಿದರೂ ನಿಲ್ಲುತ್ತಿಲ್ಲ. ಈ ನಿಲ್ಲುವಿಕೆಯೆಂದರೆ ಏನು, ಮದ್ದು ಅದನ್ನು ಹೇಗೆ ಕೆಡಿಸುತ್ತದೆ ಎಂಬುದೇ ಇಲ್ಲಿಯ ವಿಷಯ. ಇದನ್ನು ನಮ್ಮ ಊರಿನಂಥ ಊರಿನವರು ತಿಳಿದಿರಬೇಕಾದುದಕ್ಕೆ ಒಂದು ವಿಶೇಷ ಕಾರಣವೂ ಉಂಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನೆನಪೆಂದರೆ ಹಳೆಯದನ್ನು ತೆಗೆದು ನೋಡುವುದೆಂದು ನಾವು ಭಾವಿಸುತ್ತೇವೆ. ಅದಕ್ಕೂ ಮೊದಲು ಇನ್ನೊಂದು ನೆನಪಿದೆ. ಈ ಕ್ಷಣದ ಕೆಲಸಕ್ಕೆ ಬೇಕಾದುದನ್ನು ಕೆಲವು ಗಳಿಗೆ ಅಂಗೈಯಲ್ಲಿಟ್ಟುಕೊಂಡಂತೆ ಮನಸ್ಸಿನಲ್ಲಿ ಹಿಡಿದು, ತಿರುಗಿಸಿ, ಬಳಸಿ, ಬಿಟ್ಟುಬಿಡುವುದು. ಮನೋವಿಜ್ಞಾನಿಗಳು ಇದನ್ನು 'ವರ್ಕಿಂಗ್ ಮೆಮೊರಿ' ಎನ್ನುತ್ತಾರೆ. ಕಾರ್ಯಸ್ಮೃತಿ ಎನ್ನಬಹುದು. ಬುದ್ಧಿಯ ಗುಣಗಳನ್ನು ಎಣಿಸುವಾಗ ನಮ್ಮ ಹಿರಿಯರು ಗ್ರಹಣ, ಧಾರಣ ಎಂದು ಬೇರೆ ಬೇರೆಯಾಗಿ ಹೇಳಿದರಷ್ಟೆ. ಹಿಡಿಯುವುದು ಒಂದು, ಹಿಡಿದುಕೊಂಡಿರುವುದು ಮತ್ತೊಂದು. ಹಳೆಯ ಮಾತನ್ನು ಹೊಸ ಅರ್ಥಕ್ಕೆ ಸ್ವಲ್ಪ ಒಗ್ಗಿಸಿಕೊಂಡು ಧಾರಣ ಎಂಬ ಪದವನ್ನೇ ನಾನು ಇಲ್ಲಿ ಬಳಸುತ್ತೇನೆ.

ಕನ್ನಡವನ್ನು ಆಡುವವನಿಗೆ ಧಾರಣವಿಲ್ಲದೆ ಒಂದು ವಾಕ್ಯವೂ ಸಾಗದು. "ನಿನ್ನೆ ಸಂಜೆ ದೊಡ್ಡಬಳ್ಳಾಪುರದ ಬಸ್ಸು ನಿಲ್ದಾಣದ ಎದುರಿನ ಅಂಗಡಿಯಲ್ಲಿ ನಮ್ಮ ತಂದೆಯವರ ಹಳೆಯ ಕೊಡೆಯನ್ನು ನಾನು..." ಇಷ್ಟು ಹೇಳಿ ನಿಲ್ಲಿಸಿದರೆ ಕೇಳುವವನ ಮನಸ್ಸು ತೂಗಾಡುತ್ತದೆ. ಮರೆತೆನೋ, ರಿಪೇರಿ ಮಾಡಿಸಿದೆನೋ, ಕಂಡೆನೋ, ಮಾರಿದೆನೋ? ಕ್ರಿಯಾಪದ ಬರುವವರೆಗೆ ಕಾಲ, ಸ್ಥಳ, ಕರ್ಮ, ಕರ್ತೃ ಎಲ್ಲವನ್ನೂ ಎತ್ತಿ ಹಿಡಿದಿರಬೇಕು. ಕಂದಪದ್ಯಕ್ಕೆ ಅನ್ವಯ ಹೇಳಿಸುವಾಗ ತರಗತಿಯಲ್ಲಿ ನಾನು ದಿನವೂ ಕಾಣುವುದು ಇದನ್ನೇ. ಮೊದಲ ಪಾದದ ವಿಶೇಷಣ ನಾಲ್ಕನೆಯ ಪಾದದ ವಿಶೇಷ್ಯಕ್ಕೆ ಸೇರುತ್ತದೆ. ನಡುವಿನದನ್ನು ಬಿಡದೆ ಅದನ್ನೂ ಇಟ್ಟುಕೊಳ್ಳಬಲ್ಲ ಹುಡುಗ ಅನ್ವಯ ಹೇಳುತ್ತಾನೆ, ಉಳಿದವರು ಪದಗಳ ಅರ್ಥ ಗೊತ್ತಿದ್ದೂ ತಡವರಿಸುತ್ತಾರೆ.

ಇದರ ಪರಾಕಾಷ್ಠೆಯನ್ನು ನೋಡಬೇಕಾದರೆ ಅಷ್ಟಾವಧಾನಕ್ಕೆ ಹೋಗಬೇಕು. ಒಬ್ಬರು ಇಂಥ ಅಕ್ಷರ ಕೂಡದೆಂದು ನಿಷೇಧಿಸುತ್ತಾರೆ, ಇನ್ನೊಬ್ಬರು ಸಮಸ್ಯೆ ಕೊಡುತ್ತಾರೆ, ಮತ್ತೊಬ್ಬರು ನಾಲ್ಕು ಪದಗಳನ್ನಿತ್ತು ಪದ್ಯದಲ್ಲಿ ಸೇರಿಸೆನ್ನುತ್ತಾರೆ. ನಡುನಡುವೆ ಅಪ್ರಸ್ತುತಪ್ರಸಂಗಿ ಕೀಟಲೆಯ ಪ್ರಶ್ನೆ ಎಸೆಯುತ್ತಾನೆ. ಸುತ್ತಿಗೆ ಒಂದು ಪಾದದಂತೆ ಪದ್ಯಗಳೆಲ್ಲ ಏಕಕಾಲದಲ್ಲಿ ಬೆಳೆಯುತ್ತವೆ. ಕಾಗದವಿಲ್ಲ, ಲೇಖನಿಯಿಲ್ಲ. ಕೊನೆಯಲ್ಲಿ ಅವಧಾನಿ ಎಲ್ಲವನ್ನೂ ಒಪ್ಪಿಸಬೇಕು, ಅದಕ್ಕೆ ಹೆಸರೇ ಧಾರಣೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನವನ್ನು ಕೇಳಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ನಾವು ನೀವು ಅವಧಾನಿಗಳಲ್ಲ. 1956ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ, ಸಾಮಾನ್ಯನು ಒಂದೇ ಸಲಕ್ಕೆ ಹಿಡಿದುಕೊಳ್ಳಬಲ್ಲದ್ದು ಸುಮಾರು ಏಳು ಸಂಗತಿಗಳನ್ನು ಎಂದರು. ಈಚೆಯವರು ಅದನ್ನು ನಾಲ್ಕಕ್ಕೆ ಇಳಿಸಿದ್ದಾರೆ. ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಒಬ್ಬರು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತ ಹೋಗಲಿ: ಕ, ಮ, ತ, ಮ, ರ, ತ... ಈಗ ಕೇಳಿದ ಅಕ್ಷರವೂ ಅದರ ಹಿಂದಿನ ಎರಡನೆಯ ಅಕ್ಷರವೂ ಒಂದೇ ಆಗಿದ್ದರೆ ನೀವು ಚಪ್ಪಾಳೆ ತಟ್ಟಬೇಕು. ಎರಡನೆಯ 'ಮ' ಬಂದಾಗ ತಟ್ಟಬೇಕು, ಎರಡನೆಯ 'ತ' ಬಂದಾಗ ತಟ್ಟಬಾರದು. ಸುಲಭವೆನಿಸುತ್ತದೆ, ಆದರೆ ಒಂದು ನಿಮಿಷದೊಳಗೆ ಬೆವರು ಬರುತ್ತದೆ. ಪ್ರಯೋಗಶಾಲೆಯಲ್ಲಿ ಧಾರಣವನ್ನು ಅಳೆಯುವ ಉಪಾಯಗಳಲ್ಲಿ ಇದೊಂದು. ಆರೋಗ್ಯವಂತರಿಗೆ ಅವರ ಒಪ್ಪಿಗೆ ಪಡೆದು, ಮೈಮರೆಸದಷ್ಟು ಸಣ್ಣ ಪ್ರಮಾಣದಲ್ಲಿ ಕೆಟಮಿನ್ ಕೊಟ್ಟು ಇಂಥ ಪರೀಕ್ಷೆಗಳಿಗೆ ಕೂರಿಸಿದ್ದಾರೆ. ಎಚ್ಚರವಾಗಿಯೇ ಇರುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಆದರೆ ಲೆಕ್ಕ ತಪ್ಪುತ್ತದೆ. ವಿಶೇಷವಾಗಿ, ಕೇಳಿದ್ದನ್ನು ಹಾಗೆಯೇ ಒಪ್ಪಿಸುವುದಕ್ಕಿಂತ ಅದನ್ನು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ಹೇಳಬೇಕಾದಲ್ಲಿ ಸೋಲು ಹೆಚ್ಚು.

ಈ ಮದ್ದು ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಮೆರಿಕದ ಡೆಟ್ರಾಯಿಟ್ ನಗರದ ಪಾರ್ಕ್-ಡೇವಿಸ್ ಎಂಬ ಔಷಧಿ ಸಂಸ್ಥೆ 1956ರಲ್ಲಿ ಫೆನ್‌ಸೈಕ್ಲಿಡಿನ್ ಎಂಬ ಅರಿವಳಿಕೆಯನ್ನು ತಯಾರಿಸಿತು. ನೋವು ಅಡಗಿತು, ಉಸಿರು ಉಳಿಯಿತು. ಆದರೆ ರೋಗಿಗಳು ಏಳುವಾಗ ಗಂಟೆಗಟ್ಟಲೆ ಹುಚ್ಚು ಹಿಡಿದವರಂತೆ ಆಡುತ್ತಿದ್ದರು. 1965ರಲ್ಲಿ ಮನುಷ್ಯರಿಗೆ ಅದನ್ನು ಕೊಡುವುದೇ ನಿಂತಿತು. ಅದರ ಸೌಮ್ಯವಾದ ತಮ್ಮನನ್ನು ಹುಡುಕಿ 1962ರಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನವಿಜ್ಞಾನಿ ತಯಾರಿಸಿದ್ದು ಕೆಟಮಿನ್. 1964ರಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸೆನ್ ಎಂಬ ವೈದ್ಯರು ಇದನ್ನು ಮೊದಲು ಮನುಷ್ಯರಿಗೆ ಕೊಟ್ಟರು, ಮಿಷಿಗನ್ ಪ್ರಾಂತದ ಒಂದು ಸೆರೆಮನೆಯ ಕೈದಿಗಳಿಗೆ. (ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆ ಇಂದು ಯಾರಿಗಾದರೂ ಏಳುತ್ತದೆ.) ಅವರು, ತಾವು ದೇಹದಿಂದ ಬೇರೆಯಾಗಿ ತೇಲುತ್ತಿದ್ದಂತಿತ್ತು, ಕೈಕಾಲು ತಮ್ಮದಲ್ಲವೆನಿಸಿತು ಎಂದು ವರ್ಣಿಸಿದರು. ಇದಕ್ಕೆ ಏನೆಂದು ಹೆಸರಿಡುವುದೆಂದು ಡೊಮಿನೊ ಮನೆಯಲ್ಲಿ ಮಾತನಾಡುತ್ತಿದ್ದಾಗ ಅವರ ಪತ್ನಿ ಸೂಚಿಸಿದ ಹೆಸರೇ 'ಡಿಸೋಸಿಯೇಟಿವ್' ಅರಿವಳಿಕೆ ಎಂಬುದು. ವಿಯೋಜಕ ಅರಿವಳಿಕೆ ಎನ್ನೋಣ. 1970ರಲ್ಲಿ ಅಮೆರಿಕ ಸರ್ಕಾರ ಇದಕ್ಕೆ ಅನುಮತಿ ಕೊಟ್ಟಿತು. ವಿಯಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಬಳಕೆಯಾಯಿತು.

ಮದ್ದು ಎಲ್ಲಿ ಹೋಗಿ ಕೂರುತ್ತದೆಂಬುದು ಗೊತ್ತಾದದ್ದು 1983ರಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮಿದುಳಿನಲ್ಲಿ ಒಂದು ನರಕೋಶ ಮತ್ತೊಂದಕ್ಕೆ ಸುದ್ದಿ ಕಳುಹಿಸುವುದು ರಾಸಾಯನಿಕಗಳ ಮೂಲಕ. 'ಏಳು, ಕೆಲಸ ಮಾಡು' ಎಂದು ಎಬ್ಬಿಸುವ ರಾಸಾಯನಿಕಗಳಲ್ಲಿ ಮುಖ್ಯವಾದುದು ಗ್ಲುಟಮೇಟ್. ಸುದ್ದಿ ಮುಟ್ಟುವ ಕೋಶದ ಮೈಮೇಲೆ ಅದನ್ನು ಬರಮಾಡಿಕೊಳ್ಳುವ ಕಿಂಡಿಗಳಿವೆ. ಅವುಗಳಲ್ಲಿ ಕೆಲವು ಗ್ಲುಟಮೇಟ್ ತಗುಲಿದೊಡನೆ ತೆರೆದು ತಟಕ್ಕನೆ ಮುಚ್ಚುತ್ತವೆ. ಇನ್ನೊಂದು ಜಾತಿಯ ಕಿಂಡಿಗೆ ಎನ್‌ಎಂಡಿಎ ಗ್ರಾಹಕವೆಂದು ಹೆಸರು. ಅದರ ಬಾಯಲ್ಲಿ ಮೆಗ್ನೀಷಿಯಂ ಬಿರಡೆಯಂತೆ ಕುಳಿತಿರುತ್ತದೆ. ಗ್ಲುಟಮೇಟ್ ಒಂದೇ ಬಂದರೆ ಬಿರಡೆ ಕಳಚುವುದಿಲ್ಲ. ಬರಮಾಡಿಕೊಳ್ಳುವ ಕೋಶವೂ ಅದೇ ವೇಳೆಗೆ ಎಚ್ಚೆತ್ತಿರಬೇಕು. ಎರಡೂ ಕೂಡಿದಾಗಲೇ ಕಿಂಡಿ ತೆರೆಯುತ್ತದೆ. ಪೂರ್ವವರ್ಣವೂ ಪರವರ್ಣವೂ ಎದುರುಬದುರಾದಾಗಲೇ ಸಂಧಿಕಾರ್ಯವಾಗುವುದಿಲ್ಲವೆ, ಹಾಗೆ. ತೆರೆದಾಗ ಒಳಗೆ ಕ್ಯಾಲ್ಸಿಯಂ ಹರಿಯುತ್ತದೆ, ಆ ಎರಡು ಕೋಶಗಳ ನಂಟು ಬಿಗಿಯಾಗುತ್ತದೆ. ಹೊಸದನ್ನು ಕಲಿಯುವುದಕ್ಕೆ ಈ ಬಿಗಿತವೇ ಮೂಲ. ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಇದು ನಡೆಯದಿದ್ದರೆ ಆ ಹೊತ್ತಿನ ಅನುಭವ ನೆನಪಾಗಿ ಅಚ್ಚೊತ್ತುವುದಿಲ್ಲ.

ಈ ಕಿಂಡಿಗೆ ಇನ್ನೊಂದು ಗುಣವುಂಟು, ಅದು ಸಾವಕಾಶವಾಗಿ ಮುಚ್ಚಿಕೊಳ್ಳುತ್ತದೆ. ಹಣೆಯ ಹಿಂದಿರುವ ಮಿದುಳಿನ ಮುಂಭಾಗದಲ್ಲಿ ಈ ಸಾವಕಾಶಕ್ಕೆ ಬಹಳ ಬೆಲೆ. 1971ರಲ್ಲಿ ಜೋಕ್ವಿನ್ ಫುಸ್ಟರ್ ಮತ್ತು ಸಂಗಡಿಗರು ಕೋತಿಗಳಲ್ಲಿ ಒಂದು ಸಂಗತಿಯನ್ನು ಕಂಡರು. ತಿಂಡಿಯನ್ನು ತೋರಿಸಿ, ಎರಡು ಮುಚ್ಚಳಗಳಲ್ಲಿ ಒಂದರ ಕೆಳಗೆ ಬಚ್ಚಿಟ್ಟು, ನಡುವೆ ತೆರೆ ಇಳಿಬಿಟ್ಟು ಕಾಯಿಸಿದಾಗ ಈ ಮುಂಭಾಗದ ಕೆಲವು ನರಕೋಶಗಳು ತಿಂಡಿ ಕಾಣದಿದ್ದರೂ ಮಿಡಿಯುತ್ತಲೇ ಇದ್ದವು. ಕಣ್ಣಿಗೆ ಮರೆಯಾದದ್ದನ್ನು ಅವು ಹಿಡಿದಿದ್ದವು. ಧಾರಣದ ಮೈ ಎಂದರೆ ಇದೇ. ಕೋಶಗಳು ಒಂದನ್ನೊಂದು ಎಬ್ಬಿಸುತ್ತ, ಒಬ್ಬನ ಕೈಯಿಂದ ಒಬ್ಬನಿಗೆ ದಾಟಿಸುತ್ತ, ದೀಪ ಆರದಂತೆ ನೋಡಿಕೊಳ್ಳುತ್ತವೆ. ಕಿಂಡಿ ಬೇಗ ಮುಚ್ಚಿದ್ದರೆ ದಾಟಿಸುವುದರೊಳಗಾಗಿ ದೀಪ ಆರಿಬಿಡುತ್ತಿತ್ತು. ಈ ಮಿಡಿತ ಎನ್‌ಎಂಡಿಎ ಕಿಂಡಿಗಳನ್ನೇ ಆಧರಿಸಿದೆ, ಕೆಟಮಿನ್ ಕೊಟ್ಟರೆ ಕುಗ್ಗುತ್ತದೆ ಎಂಬುದನ್ನು 2013ರಲ್ಲಿ ಕೋತಿಗಳಲ್ಲಿಯೇ ತೋರಿಸಿದರು.

ಕೆಟಮಿನ್ ಮಾಡುವುದೇನೆಂದರೆ, ತೆರೆದ ಕಿಂಡಿಯೊಳಗೆ ನುಗ್ಗಿ ಅಲ್ಲಿಯೇ ಕುಳಿತುಬಿಡುವುದು. ಮುಚ್ಚಿರುವ ಕಿಂಡಿಗೆ ಅದು ಸುಲಭವಾಗಿ ಹೋಗಲಾರದು. ಆದ್ದರಿಂದ ಯಾವ ಕೋಶ ಹೆಚ್ಚು ದುಡಿಯುತ್ತಿದೆಯೋ ಅದಕ್ಕೇ ಮೊದಲ ಪೆಟ್ಟು. ಮಿದುಳಿನಲ್ಲಿ ಎಡೆಬಿಡದೆ ದುಡಿಯುವವರಲ್ಲಿ, ಉಳಿದ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಕಾವಲು ಕೋಶಗಳೂ ಸೇರಿವೆ. ಸಣ್ಣ ಪ್ರಮಾಣದ ಮದ್ದಿಗೆ ಅವೇ ಮೊದಲು ಮಣಿಯುತ್ತವೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಕಾವಲಿನವನು ಮಲಗಿದರೆ ಸಂತೆಯಲ್ಲಿ ಗದ್ದಲವೇಳುತ್ತದೆ. ಹೀಗೆ ಒಂದು ಕಡೆ ಹಿಡಿಯಬೇಕಾದ ಸುದ್ದಿ ಸಣ್ಣದಾಗುತ್ತದೆ, ಇನ್ನೊಂದು ಕಡೆ ಬೇಡದ ಗದ್ದಲ ದೊಡ್ಡದಾಗುತ್ತದೆ. ಮಳೆಗಾಲದ ರಾತ್ರಿ ದೂರದ ನಿಲಯವನ್ನು ರೇಡಿಯೋದಲ್ಲಿ ಹಿಡಿಯಲು ಹೊರಟವರಿಗೆ ಇದು ಗೊತ್ತು. ಹಾಡು ಅಲ್ಲಿಯೇ ಇದೆ, ಆದರೆ ಗರಗರ ಶಬ್ದದೊಳಗೆ ಅದನ್ನು ಆರಿಸಿಕೊಳ್ಳಲಾಗುವುದಿಲ್ಲ. ಮದ್ದಿನ ಪ್ರಮಾಣ ಹೆಚ್ಚಿದಾಗ ಮಿದುಳಿನ ಮುಂಭಾಗಕ್ಕೂ ಹಿಂಭಾಗಕ್ಕೂ ನಡೆಯುವ ಮಾತುಕತೆಯೇ ಕಡಿಯುತ್ತದೆ. ಕಣ್ಣು ತೆರೆದಿದ್ದರೂ ಕಂಡದ್ದನ್ನು 'ನಾನು ಕಂಡೆ' ಎಂದು ಒಪ್ಪಿಕೊಳ್ಳುವ ಯಜಮಾನನಿಗೆ ಸುದ್ದಿ ಹೋಗುವುದಿಲ್ಲ.

ದಂತವೈದ್ಯರಲ್ಲಿ ಕೆಲವರು ಮೂಗಿಗೆ ಹಿಡಿಸುವ ನೈಟ್ರಸ್ ಆಕ್ಸೈಡ್ ಎಂಬ 'ನಗೆ ಅನಿಲ'ವೂ ಬಹುಮಟ್ಟಿಗೆ ಇದೇ ಕಿಂಡಿಯನ್ನು ಮುಚ್ಚುತ್ತದೆ. ಕೆಮ್ಮಿನ ಔಷಧಿಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್ ಕೂಡ, ಮಿತಿ ಮೀರಿ ಕುಡಿದರೆ, ಇದೇ ದಾರಿ ಹಿಡಿಯುತ್ತದೆ. ಬಾಟಲಿಗಳು ಬರಿದಾಗುತ್ತಿರುವ ಮನೆಯ ತಂದೆತಾಯಿಗಳು ಇದನ್ನು ಗಮನಿಸಬೇಕು.

ಹಾಗಾದರೆ ಒಮ್ಮೆ ಆಸ್ಪತ್ರೆಯಲ್ಲಿ ಕೊಟ್ಟ ಮದ್ದಿನಿಂದ ಮಗುವಿನ ಬುದ್ಧಿ ಮಂಕಾಗುತ್ತದೆಯೆ? ಈ ಪ್ರಶ್ನೆಯನ್ನು ನನ್ನನ್ನು ಕೇಳಿದ ತಾಯಂದಿರಿದ್ದಾರೆ. ರಕ್ತನಾಳಕ್ಕೆ ಕೊಟ್ಟ ಒಂದು ಚುಚ್ಚುಮದ್ದು ಒಂದು ನಿಮಿಷದೊಳಗೆ ಕೆಲಸ ಆರಂಭಿಸಿ ಹತ್ತು ಹದಿನೈದು ನಿಮಿಷಗಳಲ್ಲಿ ಇಳಿಯತೊಡಗುತ್ತದೆ. ಮಂಪರು ಇನ್ನೂ ಒಂದೆರಡು ಗಂಟೆ ಇರಬಹುದು. ಕಿಂಡಿಯಿಂದ ಮದ್ದು ಎದ್ದುಹೋದ ಮೇಲೆ ಧಾರಣ ಮರಳುತ್ತದೆ. ಆರೋಗ್ಯವಂತರ ಮೇಲೆ ನಡೆದ ಪರೀಕ್ಷೆಗಳಲ್ಲಿಯೂ ಹಾಗೆಯೇ ಕಂಡಿದೆ. ಹೆದರಬೇಕಾದದ್ದು ಪದೇಪದೇ ಸುಖಕ್ಕಾಗಿ ತೆಗೆದುಕೊಳ್ಳುವವರ ವಿಷಯದಲ್ಲಿ. ಲಂಡನ್ನಿನಲ್ಲಿ ಇಂಥವರನ್ನು ಒಂದು ವರ್ಷ ಬೆನ್ನುಹತ್ತಿ ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರದ ಬಹುಪಾಲು ದಿನ ಸೇವಿಸುವವರ ಕಾರ್ಯಸ್ಮೃತಿ ಕುಂದಿರುವುದು ಕಂಡಿತು; ಅಪರೂಪಕ್ಕೆ ಸೇವಿಸುವವರೂ ಬಿಟ್ಟವರೂ ಅಷ್ಟಾಗಿ ಹಿಂದೆ ಬಿದ್ದಿರಲಿಲ್ಲ. ಬಿಟ್ಟರೆ ದಾರಿಯುಂಟೆಂದು ಇದರಿಂದ ಊಹಿಸಬಹುದು. ಮಿದುಳಿನ ಮಾತಿರಲಿ, ಮೂತ್ರಕೋಶ ಹುಣ್ಣಾಗಿ, ಗಳಿಗೆಗೊಮ್ಮೆ ರಕ್ತಮಿಶ್ರಿತ ಮೂತ್ರಕ್ಕೆ ಏಳಬೇಕಾದ ಯಾತನೆಯನ್ನು 2007ರಿಂದ ವೈದ್ಯರು ವರದಿ ಮಾಡುತ್ತಿದ್ದಾರೆ. ನಮ್ಮ ದೇಶದಲ್ಲಿ 2011ರಲ್ಲಿ ಕೆಟಮಿನನ್ನು ಮಾದಕವಸ್ತುಗಳ ಕಾನೂನಿನ ಕೆಳಗೆ ತಂದರು. 2013ರಲ್ಲಿ ಔಷಧಿ ನಿಯಮಗಳ ಅತಿ ಬಿಗಿಯಾದ ಪಟ್ಟಿಗೆ ಸೇರಿಸಿದರು. ಈ ಚಟಕ್ಕೆ ಸಿಕ್ಕವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವೇ ಇದೆ.

ವಿಚಿತ್ರವೆಂದರೆ ಇದೇ ಮದ್ದು ಖಿನ್ನತೆಗೆ ಚಿಕಿತ್ಸೆಯೂ ಆಗಿದೆ. 2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವೈದ್ಯರು, ಒಂದೇ ಸಣ್ಣ ಪ್ರಮಾಣದಿಂದ ಕೆಲವೇ ದಿನಗಳಲ್ಲಿ ರೋಗಿಗಳ ಮನಸ್ಸು ಹಗುರವಾದುದನ್ನು ವರದಿ ಮಾಡಿದರು. 2019ರಲ್ಲಿ ಇದರ ಒಂದು ರೂಪಕ್ಕೆ, ಮೂಗಿಗೆ ಸಿಂಪಡಿಸುವ ಔಷಧಿಯಾಗಿ, ಅಲ್ಲಿಯ ಸರ್ಕಾರ ಅನುಮತಿ ಕೊಟ್ಟಿತು. ಆದರೆ ಮನೆಗೆ ಕೊಟ್ಟು ಕಳುಹಿಸುವುದಿಲ್ಲ. ಕೊಟ್ಟ ಮೇಲೆ ಎರಡು ಗಂಟೆ ಕಣ್ಣೆದುರಿಗೇ ಕೂರಿಸಿಕೊಂಡಿರಬೇಕೆಂಬ ನಿಯಮವಿದೆ.

ಇನ್ನು ಆಗಲೇ ಹೇಳುತ್ತೇನೆಂದ ಕಾರಣಕ್ಕೆ ಬರೋಣ. ಕೆಟಮಿನ್ ಹೊಸದನ್ನು ಬರೆದುಕೊಳ್ಳುವ ಕೈಯನ್ನು ಕಟ್ಟುತ್ತದೆ. ಮೊದಲೇ ಬರೆದಿಟ್ಟದ್ದನ್ನು ಅಳಿಸುವುದಿಲ್ಲ. ಮದ್ದಿಗೆ ಮುಂಚೆ ಕಲಿತ ಪದಗಳ ಪಟ್ಟಿಯನ್ನು ಪ್ರಯೋಗಕ್ಕೆ ಬಂದವರು ಚೆನ್ನಾಗಿಯೇ ಒಪ್ಪಿಸಿದರು. ಮದ್ದು ಮೈಯಲ್ಲಿದ್ದಾಗ ಕಲಿತದ್ದು ಮಾತ್ರ ಜಾರಿತು. ತಲೆಗೆ ಪೆಟ್ಟು ಬಿದ್ದಿದ್ದರೆ ಮಾತು ಬೇರೆ. ಇಲ್ಲದಿದ್ದರೆ, ಗಾಯಗೊಂಡ ಕೆಲಸಗಾರನಿಗೆ ಯಂತ್ರದ ಮುಂದೆ ನಡೆದದ್ದು ನೆನಪಿರುತ್ತದೆ. ಆಸ್ಪತ್ರೆಯಲ್ಲಿ ಎದ್ದ ಮೊದಲ ಗಂಟೆಗಳಲ್ಲಿ ಕೇಳಿದ್ದು, ಹೇಳಿದ್ದು ನೆನಪಿರುವುದಿಲ್ಲ. ಕೆಟ್ಟ ಕನಸು ಬಾರದಿರಲೆಂದು ಜೊತೆಗೆ ಕೊಡುವ ಮಿಡಜೋಲಾಮ್ ಎಂಬ ಮದ್ದು ಈ ಮರೆವನ್ನು ಇನ್ನೂ ಗಾಢವಾಗಿಸುತ್ತದೆ. ಆ ಹೊತ್ತಿನಲ್ಲಿ ಆತ ಕಣ್ಣು ಬಿಟ್ಟು ನೋಡುತ್ತಾನೆ, ಹೆಸರು ಹೇಳುತ್ತಾನೆ, ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಾನೆ. ಉದ್ದವಾದ ವಾಕ್ಯವನ್ನು ಓದಿ ಹೇಳಿದರೆ ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಆತನ ಕೈಬಿಟ್ಟಿರುತ್ತಾನೆ.

ನನ್ನಲ್ಲಿ ಓದಿದ್ದ ಒಬ್ಬ ಹುಡುಗನ ಬೆರಳುಗಳು ಒಂದು ಸಂಜೆ ಯಂತ್ರಕ್ಕೆ ಸಿಕ್ಕಿದವು. ಗಾಯ ತೊಳೆದು ಹೊಲಿಯುವುದಕ್ಕೆ ಕೆಟಮಿನ್ ಕೊಟ್ಟರು. ಎದ್ದು ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಕಾರ್ಖಾನೆಯ ಕಡೆಯವರೊಬ್ಬರು ಅಚ್ಚು ಮಾಡಿದ ಕಾಗದ ತಂದು ಓದಿ ಹೇಳಿ, ಎಡಗೈಯಲ್ಲಿ ರುಜು ಹಾಕಿಸಿಕೊಂಡು ಹೋದರು. ಅಪಘಾತ ಆತನ ಅಜಾಗ್ರತೆಯಿಂದಲೇ ಆಯಿತೆಂದು ಅದರಲ್ಲಿತ್ತು. ಮರುದಿನ ನಾನು ನೋಡಲು ಹೋದಾಗ ಕಾಗದದ ವಿಷಯ ಆತನಿಗೆ ತಿಳಿಯದು, ಬಂದವರ ಮುಖವೂ ನೆನಪಿಲ್ಲ. "ಮೇಷ್ಟ್ರೇ, ಯಾರು ಬಂದಿದ್ರು?" ಎಂದು ನನ್ನನ್ನೇ ಕೇಳಿದ. ಆದರೆ ಯಂತ್ರದ ಕಾಪು ತಟ್ಟೆಯನ್ನು ರಿಪೇರಿಗೆಂದು ಬಿಚ್ಚಿ ಎರಡು ದಿನವಾಗಿತ್ತೆಂಬುದು, ಯಾವ ಪಾಳಿಯಲ್ಲಿ ಬಿಚ್ಚಿದರೆಂಬುದು, ಅದನ್ನು ಯಾರಿಗೆ ಹೇಳಿದ್ದೆನೆಂಬುದು, ಎಲ್ಲವನ್ನೂ ತಡವರಿಸದೆ ಹೇಳಿದ. ಆಸ್ಪತ್ರೆಯ ಚೀಟಿಯಲ್ಲಿ ಚುಚ್ಚುಮದ್ದು ಕೊಟ್ಟ ಗಂಟೆ ಬರೆದಿತ್ತು. ಕಾಗದದಲ್ಲಿ ರುಜುವಿನ ಪಕ್ಕದಲ್ಲಿಯೂ ಗಂಟೆ ಬರೆದಿತ್ತು. ಆತನ ತಾಯಿ ಎರಡನ್ನೂ ಜೊತೆಯಲ್ಲಿಟ್ಟು ತೋರಿಸಿದ ಮೇಲೆ ಹೇಳಿಕೆಯನ್ನು ಹೊಸದಾಗಿ ಬರೆಸಿಕೊಂಡರು.

ಆದ್ದರಿಂದ ನಿಮ್ಮವರು ಯಾರಾದರೂ ಹೀಗೆ ಮಲಗಿದ್ದರೆ, ಯಾವ ಮದ್ದು, ಎಷ್ಟು ಹೊತ್ತಿಗೆ ಕೊಟ್ಟರು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಕೋಣೆಯಲ್ಲಿ ಗದ್ದಲ ಬೇಡ, ಮೈಮುಟ್ಟಿ ಅಲುಗಿಸುವುದು ಬೇಡ. ಮೆಲ್ಲನೆ ಹೆಸರು ಹಿಡಿದು ಕರೆದು, ಎಲ್ಲಿದ್ದೀಯೆಂದು ಸಣ್ಣ ಮಾತಿನಲ್ಲಿ ತಿಳಿಸಿ. ಗಾಯದ ಆರೈಕೆಯ ಸೂಚನೆಗಳನ್ನು ನೀವು ಕೇಳಿ ಬರೆದಿಟ್ಟುಕೊಳ್ಳಿ, ಅವು ರೋಗಿಯ ತಲೆಯಲ್ಲಿ ನಿಲ್ಲುವುದಿಲ್ಲ. ಹಣದ ಮಾತು, ರುಜು, ಹೇಳಿಕೆ ಯಾವುದಿದ್ದರೂ ಮರುದಿನ ಬೆಳಿಗ್ಗೆ ಬನ್ನಿರೆಂದು ಹೇಳಿ ಕಳುಹಿಸಿ.